ಹೊದಿಕೆ ಹಳೆಯದು, ಹೂರಣ ಹೊಸದು

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೆದ್ದಾರಿ ಹಿಡಿದು ಸುಮಾರು 35 ಕಿಲೋಮೀಟರ್ ಬಂದರೆ ಗೊಟಗೋಡಿ. ಶಿಗ್ಗಾವಿ ತಾಲ್ಲೂಕಿನ ಈ ಸಣ್ಣ ಊರನ್ನು ಇವತ್ತು ಹೊರಗಿನವರು ಎರಡು ಕಾರಣಕ್ಕೆ ಬಲ್ಲರು. ಒಂದು, ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್. ಉತ್ತರ ಕರ್ನಾಟಕದ ಹಳ್ಳಿಯ ಮನೆ, ಕಸುಬು, ದನಕರು, ಆಳುಕಾಳು ಎಲ್ಲವೂ ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಇನ್ನೊಂದು, 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಹಳ್ಳಿಯ ಬದುಕನ್ನು ಒಂದು ಕಡೆ ಕಣ್ಣಿಗೆ ಕಟ್ಟಿಕೊಡುವ ಪ್ರಯತ್ನ, ಇನ್ನೊಂದು ಕಡೆ ಅದನ್ನೇ ಓದಿಗೆ ಒಗ್ಗಿಸುವ ಪ್ರಯತ್ನ.

ಗಾರ್ಡನ್ ಸುತ್ತಿ ದಣಿದವರು ಹೊರಬಂದು ಹೆದ್ದಾರಿಯಲ್ಲಿ ಎಲ್ಲಾದರೂ ಗಾಡಿ ನಿಲ್ಲಿಸಿ ಕೇಳುವುದು ಗಿರಮಿಟ್ಟು, ಮಿರ್ಚಿ, ಆಲೂಬೋಂಡಾ, ಚಾ. ಊರಿಗೆ ಹೋದರೂ ಅದೇ. ಸಂಜೆ ಹೊತ್ತಿಗೆ ಬೀಗರು ಬಂದರೆ, ಅಡವಿ ಮಳೆ ಹಿಡಿದು ಹೊಲದ ಕೆಲಸ ನಿಂತರೆ, ಪರ ಊರಲ್ಲಿ ಓದುವ ಮಗ ಮನೆಗೆ ಬಂದರೆ ಒಲೆಯ ಮೇಲೆ ಬಾಣಲೆ ಏರುತ್ತದೆ. ಬೋಂಡಾ ಅಷ್ಟು ನಮ್ಮದು. ಅದು ಯಾವಾಗಿನಿಂದ ನಮ್ಮದು ಎಂದು ಕೇಳಿದರೆ ಮಾತ್ರ ಉತ್ತರ ಸುಲಭವಿಲ್ಲ. ಹಳೆಯದೆಂದು ನಾವು ನಂಬಿದ್ದರಲ್ಲಿ ಎಷ್ಟು ಹಳೆಯದು ಎಂದು ಲೆಕ್ಕ ಹಾಕಲು ಜಾನಪದದ ಊರಿಗಿಂತ ಒಳ್ಳೆಯ ಜಾಗ ಬೇಕೆ?

ಒಂದು ಬೋಂಡಾವನ್ನು ಒಡೆದು ನೋಡೋಣ. ಒಳಗೆ ಬಟಾಟೆ: ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು. ಅದಕ್ಕೆ ಜಜ್ಜಿ ಹಾಕಿದ ಹಸಿಮೆಣಸಿನಕಾಯಿಯೂ ಅಮೆರಿಕದ್ದೇ. ಶೇಂಗಾ ಎಣ್ಣೆಯಲ್ಲಿ ಕರಿದಿದ್ದರೆ ಅದೂ ದಕ್ಷಿಣ ಅಮೆರಿಕದ ಬೆಳೆ. ಈ ಎರೆಹೊಲಗಳ ಹಳೆಯ ಎಣ್ಣೆ ಕುಸುಬಿಯದು. ಹಾಗಾದರೆ ಉಳಿದದ್ದೇನು? ಕಡಲೆಹಿಟ್ಟು, ಅರಿಸಿನ, ಸಾಸಿವೆ, ಇಂಗು, ಕರಿಬೇವು, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ. ಅಂದರೆ ಮೈಯೊಳಗಿನದು ಹಡಗು ಹತ್ತಿ ಬಂದದ್ದು, ಮೇಲೆ ಹೊದ್ದದ್ದು ಮತ್ತು ಪರಿಮಳ ಇಲ್ಲಿಯ ಅಡುಗೆಗೆ ಹಳೆಯದು.

ಈ ಹೊದಿಕೆಯ ವಿದ್ಯೆ ಎಷ್ಟು ಹಳೆಯದು ಎಂಬುದಕ್ಕೆ ಲಿಖಿತ ಸಾಕ್ಷಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೇ ಶತಮಾನದ ಮೊದಲರ್ಧದ ಸಂಸ್ಕೃತ ಗ್ರಂಥ. ಅದರ ಅನ್ನಭೋಗದ ಭಾಗದಲ್ಲಿ ಬೇಳೆ ನೆನೆಹಾಕಿ ರುಬ್ಬುವುದು, ಬೇಳೆಯ ಹಿಟ್ಟಿಗೆ ಇಂಗು, ಉಪ್ಪು, ಮೆಣಸು ಬೆರೆಸುವುದು, ಎಣ್ಣೆಯಲ್ಲಿ ಕರಿಯುವುದು ಎಲ್ಲವೂ ಬರುತ್ತವೆ. ವಡೆಯ ಪೂರ್ವಜ ವಟಕವೂ ಅಲ್ಲಿದೆ. ಅದು ದೂರದ ಯಾವುದೋ ಅರಮನೆಯ ಮಾತಲ್ಲ. ಹಾನಗಲ್ಲಿನ ಕದಂಬರು ಇದೇ ಚಾಲುಕ್ಯರ ಸಾಮಂತರು, ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಅವರ ಕಾಲದ ದೊಡ್ಡ ಪಟ್ಟಣ. ಅದಕ್ಕೂ ಹಿಂದೆ, 11ನೇ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಕನ್ನಡದಲ್ಲೇ ಅಡುಗೆಯ ಮಾತಾಡಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ಹಿಟ್ಟಿನ ತಿನಿಸುಗಳನ್ನು ಅವನು ವಿವರವಾಗಿ ಹೇಳುತ್ತಾನೆ. ಬದನೆಕಾಯಿಗಂತೂ ಒಂದು ಅಧ್ಯಾಯವನ್ನೇ ಬಿಟ್ಟುಕೊಟ್ಟಿದ್ದಾನೆ. ಬಟಾಟೆ ಇಲ್ಲ, ಮೆಣಸಿನಕಾಯಿ ಇಲ್ಲ. ಇರುವಂತೆಯೂ ಇರಲಿಲ್ಲ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ.

ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ‘ಆಲು’, ‘ಆಲುಕ’ ಎಂಬ ಪದ ಕಂಡ ಕೂಡಲೇ ಬಟಾಟೆ ನಮ್ಮಲ್ಲಿ ಮೊದಲಿಂದಲೂ ಇತ್ತು ಎಂದು ಕುಣಿಯುವವರಿದ್ದಾರೆ. ಆ ಪದ ತಿನ್ನಬಹುದಾದ ಬೇರೆ ಗಡ್ಡೆಗಳಿಗೆ ಇದ್ದದ್ದು. ಹೊಸ ಗಡ್ಡೆ ಬಂದಾಗ ಹಳೆಯ ಹೆಸರನ್ನು ಅದಕ್ಕೆ ತೊಡಿಸಲಾಯಿತು. ಕರಾವಳಿಯವರು, ಮುಂಬಯಿ ಕಡೆಯವರು ಬಳಸುವ ‘ಬಟಾಟೆ’ಯ ಕಥೆ ಇನ್ನೂ ತಮಾಷೆಯದು. ಕೆರಿಬಿಯನ್ ದ್ವೀಪಗಳ ಜನ ‘ಬಟಾಟ’ ಎನ್ನುತ್ತಿದ್ದದ್ದು ಗೆಣಸಿಗೆ. ಯುರೋಪಿನವರು ಎರಡನ್ನೂ ಕಲಸಿಬಿಟ್ಟರು. ಹೀಗಾಗಿಯೇ ಥಾಮಸ್ ರೋನ ಜೊತೆ ಬಂದಿದ್ದ ಪಾದ್ರಿ ಎಡ್ವರ್ಡ್ ಟೆರ್ರಿ 17ನೇ ಶತಮಾನದ ಮೊಗಲ್ ಔತಣವೊಂದರಲ್ಲಿ ಪೊಟೇಟೊ ತಿಂದೆನೆಂದು ಬರೆದರೆ, ಅದು ಗೆಣಸೇ ಇರಬೇಕು ಎಂದು ವಿದ್ವಾಂಸರು ತಕರಾರು ತೆಗೆಯುತ್ತಾರೆ. ನಮ್ಮ ಮೆಣಸಿನಕಾಯಿಯದೂ ಇದೇ ಪಾಡು. ಮೆಣಸು ಎಂಬ ಹಳೆಯ ಖಾರದ ಹೆಸರಿಗೆ ಕಾಯಿ ಸೇರಿಸಿ ಹೊಸಬನಿಗೆ ಕೊಟ್ಟರು. ಈಗ ಪಕ್ಕದ ಬ್ಯಾಡಗಿಯ ಹೆಸರೇ ಜಗತ್ತಿಗೆಲ್ಲ ಮೆಣಸಿನಕಾಯಿಯ ಹೆಸರು.

ಗೆಣಸಲ್ಲದ ನಿಜವಾದ ಬಟಾಟೆ ಮುಂಬಯಿ ಪ್ರಾಂತ್ಯದಲ್ಲಿ ನೆಲೆಯೂರಿದ್ದು ಹೆಚ್ಚಾಗಿ 19ನೇ ಶತಮಾನದಲ್ಲಿ. ಬೆಟ್ಟದ ಮೇಲಿನ ಮಹಾಬಳೇಶ್ವರದಲ್ಲಿ ಅದನ್ನು ಚೆನ್ನಾಗಿ ಬೆಳೆದು ತೋರಿಸಿದವರಲ್ಲಿ ಚೀನೀ ಕೈದಿಗಳಿದ್ದರು. ಕಡಲಾಚೆಯ ಬ್ರಿಟಿಷ್ ವಸಾಹತುಗಳಲ್ಲಿ ಶಿಕ್ಷೆಯಾದವರನ್ನು ತಂದು ಅಲ್ಲಿಯ ಜೈಲಿನಲ್ಲಿ ಇಟ್ಟಿದ್ದರು. ಅವರು ತೋಟಗಾರಿಕೆಯಲ್ಲಿ ನುರಿತವರು. ಪೆರುವಿನ ಗಡ್ಡೆ, ಇಂಗ್ಲಿಷರ ಬಾಯಿರುಚಿ, ಚೀನೀ ಕೈಗಳು, ಸಹ್ಯಾದ್ರಿಯ ಮಣ್ಣು. ನಮ್ಮ ಬೋಂಡಾದ ಹೂರಣ ಬಂದ ದಾರಿಯಲ್ಲಿ ಇಷ್ಟೆಲ್ಲ ಇದೆ.

1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದ ಮೇಲೆ ಧಾರವಾಡ ಸೀಮೆ ಕಂಪನಿಯ ಕೈಗೆ ಬಂತು. ಆಗಿನಿಂದ 1956ರವರೆಗೂ ಇದು ಮುಂಬಯಿಯೊಂದಿಗೇ ಇತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೊಸ ಬೆಳೆ ಹಾಕಿ ನೋಡುವುದು ಕಂಪನಿ ಸರ್ಕಾರಕ್ಕೆ ಚಟದಂತಿತ್ತು. 1840ರ ದಶಕದಲ್ಲಿ ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ಅಮೆರಿಕದ ಹತ್ತಿ ಬೆಳೆಸಿ ನೋಡಿದರು. ಅದು ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲೇ ಮಾರುಕಟ್ಟೆಯಲ್ಲಿ ನಿಂತಿತು. ಹತ್ತಿಯ ಕಥೆಗೆ ಕಡತಗಳಿವೆ, ಏಕೆಂದರೆ ಅದರಲ್ಲಿ ಮ್ಯಾಂಚೆಸ್ಟರಿನ ಹಣ ಇತ್ತು. ಅಡುಗೆಮನೆಗೆ ಬಂದ ಗಡ್ಡೆಗೆ ಅಂಥ ಕಡತ ಯಾರು ಬರೆದಾರು?

ಕಡತವಿಲ್ಲದಿದ್ದರೂ ಅಡುಗೆಮನೆಯಲ್ಲೇ ಒಂದು ದಾಖಲೆ ಉಳಿದಿದೆ. ಅದು ಶ್ರಾದ್ಧದ ಅಡುಗೆ. ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. ಈ ಭಾಗದ ಮಾಧ್ವರ ಮನೆಗಳಲ್ಲಿ, ಬೇರೆ ಅನೇಕ ಬ್ರಾಹ್ಮಣ ಮನೆಗಳಲ್ಲೂ, ಶ್ರಾದ್ಧದ ದಿನ ಬಟಾಟೆ, ಟೊಮ್ಯಾಟೊ, ಮೆಣಸಿನಕಾಯಿ ಒಲೆಯ ಹತ್ತಿರ ಬರುವುದಿಲ್ಲ. ಖಾರಕ್ಕೆ ಕರಿಮೆಣಸು, ಗಡ್ಡೆಗೆ ಸುವರ್ಣಗಡ್ಡೆ. ಕಾರಣ ಕೇಳಿದರೆ ‘ಪಿತೃಗಳಿಗೆ ಆಗೋದಿಲ್ಲ’ ಎನ್ನುತ್ತಾರೆ. ಆಗೋದಿಲ್ಲ ಅಲ್ಲ, ಪಿತೃಗಳಿಗೆ ಅದು ಗೊತ್ತೇ ಇರಲಿಲ್ಲ! ಹಳೆಯ ಅಡುಗೆಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಯಾರೂ ತಿದ್ದದೆ ಒಪ್ಪಿಸುವ ಪದ್ಧತಿ ಅದು. ಆದರೆ ಅದೇ ಮನೆಗಳಲ್ಲಿ ಏಕಾದಶಿಯಂದೋ ಶಿವರಾತ್ರಿಯಂದೋ ಉಳ್ಳಾಗಡ್ಡಿ ನಿಷಿದ್ಧ, ಅನ್ನ ನಿಷಿದ್ಧ, ಬಟಾಟೆ ಮಾತ್ರ ಸಾಬೂದಾಣಿಯ ಜೊತೆ ಉಪವಾಸದ ಫಳಾರವಾಗಿ ಒಳಗೆ ಬರುವುದೂ ಉಂಟು. ಸತ್ತವರ ಎಲೆಗೆ ಪರಕೀಯ, ಉಪವಾಸವಿದ್ದವರ ತಟ್ಟೆಗೆ ಪವಿತ್ರ. ಹೊಸಬನೊಬ್ಬ ಮನೆಯವನಾಗುವುದು ಹೀಗೆಯೇ, ಒಂದು ಬಾಗಿಲು ಮುಚ್ಚಿದ್ದಾಗ ಇನ್ನೊಂದರಿಂದ.

ಈಗ ಬೇಯಿಸಿದ ಬಟಾಟೆಯನ್ನು ಹಿಸುಕಿ ಉಂಡೆ ಕಟ್ಟಿ ಕರಿಯುವ ಯೋಚನೆಗೆ ಬರೋಣ. ಇದು ನಮ್ಮೊಬ್ಬರದಲ್ಲ. ಫ್ರೆಂಚರು ಅದನ್ನು ಕ್ರೋಕೆಟ್ ಅಂದರು. ಕಟುಂ ಎಂದು ಕಡಿಯುವ ಕ್ರಿಯಾಪದದಿಂದ ಬಂದ ಹೆಸರದು. ಡಚ್ಚರಿಗೆ ಅದು ಕ್ರೊಕೆಟ್, ಜಪಾನೀಯರಿಗೆ ಕೊರೊಕ್ಕೆ, ಗೋವೆಯ ಕ್ರೈಸ್ತರ ಮನೆಗಳಲ್ಲಿ ಮಾಂಸದ ಕ್ರೊಕೆಟ್. ಎಲ್ಲ ಕಡೆಯೂ ಸಮಸ್ಯೆ ಒಂದೇ. ಹಿಸುಕಿದ ಬಟಾಟೆಯನ್ನು ಹಾಗೆಯೇ ಕಾದ ಎಣ್ಣೆಗೆ ಬಿಟ್ಟರೆ ಅದು ಒಡೆದು ಎಣ್ಣೆಯೆಲ್ಲ ಕುಡಿದು ಹರಡಿಕೊಳ್ಳುತ್ತದೆ. ಅದಕ್ಕೊಂದು ಅಂಗಿ ಬೇಕು. ಯುರೋಪು ಈ ಅಂಗಿಯನ್ನು ಮೊಟ್ಟೆ ಮತ್ತು ಬ್ರೆಡ್ಡಿನ ಪುಡಿಯಲ್ಲಿ ಹೊಲಿಯಿತು. ಅದು ನಮ್ಮ ಬಾಗಿಲವರೆಗೂ ಬಂದಿತ್ತು. 1885ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಯಿತು, ಅದರ ಹಿಂದೆ ಆಂಗ್ಲೋ-ಇಂಡಿಯನ್ ಕುಟುಂಬಗಳು ಬಂದವು, ಬ್ರೆಡ್ಡಿನ ಪುಡಿ ಹೊದ್ದ ಕಟ್ಲೆಟ್ಟು ಅವರ ಅಡುಗೆಯದು. ಅಲ್ಲಿಂದ ಒಂದು ತಾಸಿನ ದಾರಿಯ ಶಿಗ್ಗಾವಿಯ ಮನೆಗಳಿಗೆ ಅದು ದಾಟಲಿಲ್ಲ. ಲಿಂಗಾಯತರ, ಬ್ರಾಹ್ಮಣರ ಮನೆಗಳಲ್ಲಿ ಮೊಟ್ಟೆ ಇಲ್ಲ. ರೊಟ್ಟಿ ಬಡಿಯುವ ಊರಲ್ಲಿ ಹಳಸಿದ ಬ್ರೆಡ್ಡು ಯಾರ ಮನೆಯಲ್ಲೂ ಇಲ್ಲ. ಆದರೆ ಕಡಲೆ ಇತ್ತು. ಹಿಂಗಾರಿ ಎರೆಹೊಲದ ಕಡಲೆ, ಅಣ್ಣಿಗೇರಿಯ ಹೆಸರು ಹೊತ್ತ ತಳಿಯೇ ಇರುವಷ್ಟು ಈ ನೆಲದ್ದು. ಸವಣೂರಿನ ಖಾರದಂಥ ಕರಿದ ತಿನಿಸುಗಳಲ್ಲಿ ಆ ಹಿಟ್ಟಿನ ಗುಣ ಕೈಗೆ ಹತ್ತಿತ್ತು. ಕಡಲೆಹಿಟ್ಟು ನೀರಲ್ಲಿ ಕಲಸಿದರೆ ತಾನೇ ಅಂಟು, ಎಣ್ಣೆಗೆ ಬಿದ್ದರೆ ತಾನೇ ಗರಿ. ಮೊಟ್ಟೆಯ ಕೆಲಸವನ್ನೂ ಬ್ರೆಡ್ಡಿನ ಕೆಲಸವನ್ನೂ ಅದೊಂದೇ ಮಾಡಿತು. ನನಗೆ ಇದರಲ್ಲಿ ಕಾಣುವುದು ಅನುಕರಣೆಯಲ್ಲ. ಒಂದೇ ಲೆಕ್ಕವನ್ನು ಬೇರೆ ದಾರಿಯಿಂದ ಬಿಡಿಸಿದ ಜಾಣತನ.

ಬೋಂಡಾ ನಮ್ಮ ಸೀಮೆಗೆ ಎರಡು ದಿಕ್ಕಿನಿಂದ ಬಂದಂತೆ ಕಾಣುತ್ತದೆ. ಉತ್ತರಕ್ಕೆ ಪುಣೆ-ಮುಂಬಯಿ ಕಡೆಯ ಬಟಾಟೆ ವಡಾ. ಅದೇ ವಡೆಯನ್ನು 1966ರ ಸುಮಾರಿಗೆ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ್ ವೈದ್ಯ ಪಾವಿನಲ್ಲಿಟ್ಟು ಮಾರತೊಡಗಿದರು ಎಂಬುದು ಮುಂಬಯಿಯವರು ಹೇಳುವ ಕಥೆ. ದಕ್ಷಿಣಕ್ಕೆ ಮೈಸೂರು ಸೀಮೆಯ, ಉಡುಪಿ ಹೋಟೆಲುಗಳ ಬೋಂಡಾ. ಕರಾವಳಿಯಲ್ಲಿ ಬೊಂಡವೆಂದರೆ ಎಳನೀರು, ಅಲ್ಲಿಯ ಕೊಂಕಣಿಗರು ಈ ತಿನಿಸನ್ನು ಅಂಬಡೆ ಎನ್ನುತ್ತಾರೆ. ಆ ಗೊಂದಲ ಈಗ ಬೇಡ. ಮುಂಬಯಿ ಪ್ರಾಂತ್ಯ ಮತ್ತು ಮೈಸೂರು ಸಂಸ್ಥಾನದ ಗಡಿ ಹರಿಹರದ ಹೊಳೆ. ಹಾವೇರಿ ಹೊಳೆಯ ಈಚೆ ದಡದ ಸೀಮೆಯಾದ್ದರಿಂದ ಎರಡೂ ಬಾಣಲೆಗಳ ಬಿಸಿ ತಾಗಿತು. ಇವತ್ತಿಗೂ ಇಲ್ಲಿ ಸ್ವಲ್ಪ ಚಪ್ಪಟೆಯಾದರೆ ಬಟಾಟಿ ವಡಾ, ದುಂಡಗಿದ್ದರೆ ಬೋಂಡಾ. ಹಾಗಂತ ವಾದ ಮಾಡುತ್ತ ಎರಡನ್ನೂ ತಿನ್ನುವವರಿದ್ದಾರೆ.

ಆದರೆ ಹೋಟೆಲಿನಲ್ಲಿ ಸಿಗುವುದು ಬೇರೆ, ಮನೆಯಲ್ಲಿ ಮಾಡುವುದು ಬೇರೆ. ಹಳ್ಳಿಯ ಮನೆಗೆ ಬೋಂಡಾ ಬರಲು ಬಟಾಟೆಯೊಂದೇ ಸಾಕಾಗಲಿಲ್ಲ. ನಮ್ಮ ಹಳೆಯ ಕರಿದ ತಿನಿಸುಗಳನ್ನು ನೆನೆಸಿಕೊಳ್ಳಿ: ಚಕ್ಕಲಿ, ಕರಚಿಕಾಯಿ, ಕೋಡಬಳೆ. ಎಲ್ಲವೂ ಹಬ್ಬಕ್ಕೆ ಒಮ್ಮೆ ಮಾಡಿ ಡಬ್ಬಿಗೆ ತುಂಬಿಟ್ಟು ವಾರಗಟ್ಟಲೆ ತಿನ್ನುವಂಥವು. ಎಣ್ಣೆ ತುಟ್ಟಿ, ಕಟ್ಟಿಗೆ ಒಲೆ ಹಚ್ಚಿ ಹದಕ್ಕೆ ತರುವುದು ಅರ್ಧ ದಿನದ ಕೆಲಸ. ಬೋಂಡಾ ಮಾತ್ರ ಡಬ್ಬಿಗೆ ಹೋಗುವುದಿಲ್ಲ, ಗಂಟೆ ಕಳೆದರೆ ಮೆತ್ತಗಾಗುತ್ತದೆ. ಅದು ಬಾಣಲೆಯಿಂದ ನೇರ ತಟ್ಟೆಗೆ ಬರಬೇಕು. ಹಬ್ಬವಲ್ಲದ ಒಂದು ಸಂಜೆ, ಯಾರೋ ಬಂದರು ಎಂಬ ಕಾರಣಕ್ಕೆ, ಬಾಣಲೆ ತುಂಬ ಎಣ್ಣೆ ಸುರಿಯುವ ಧೈರ್ಯ ಮನೆಗೆ ಇರಬೇಕು. ಆ ಧೈರ್ಯ ಮೆಲ್ಲಗೆ ಬಂತು. 1930ರ ದಶಕದಲ್ಲಿ ಚಹಾ ಮಂಡಳಿಯವರು ಊರೂರಿಗೆ ಪ್ರಚಾರ ಮಾಡಿ ಸಂಜೆಯ ಚಹಾ ಎಂಬ ಹೊತ್ತನ್ನೇ ಹುಟ್ಟಿಸಿದ್ದರು; ಆ ಹೊತ್ತಿಗೆ ಜೊತೆಗೊಂದು ತಿನಿಸು ಬೇಕಿತ್ತು. ಪಂಪು ಹೊಡೆಯುವ ಸೀಮೆಎಣ್ಣೆ ಸ್ಟೋವು ಬೇಕೆಂದಾಗ ಉರಿ ಕೊಟ್ಟಿತು. 1970ರ ದಶಕದ ಕೊನೆಯಿಂದ ಆಮದಾದ ತಾಳೆ ಎಣ್ಣೆ ರೇಷನ್ ಅಂಗಡಿಗೆ ಬರತೊಡಗಿತು. ಆಮೇಲೆ ಗ್ಯಾಸು; ಬಹಳ ಬಡ ಮನೆಗಳಿಗೆ ಅದು 2016ರ ಉಜ್ವಲಾ ಯೋಜನೆಯ ನಂತರ.

ಹೀಗೆ ಲೆಕ್ಕ ಹಾಕಿದರೆ ‘ಅಜ್ಜಿಯ ಕಾಲದ ಬೋಂಡಾ’ ಎಂಬ ಮಾತು ಬಹಳ ಹಳ್ಳಿಮನೆಗಳಲ್ಲಿ ಅಕ್ಷರಶಃ ಒಂದು ಅಜ್ಜಿಯಷ್ಟೇ ಹಳೆಯದು. ಆ ಅಜ್ಜಿಯ ಅಜ್ಜಿಗೆ ಅದು ಪೇಟೆಯ ತಿನಿಸು. ಇದರಿಂದ ಬೋಂಡಾ ಜಾನಪದವಲ್ಲ ಎಂದಾಗುತ್ತದೆಯೇ? ಹಾಗೆ ಹೇಳುವವರೊಂದಿಗೆ ನನಗೆ ಜಗಳವಿದೆ. ಯಾವ ಪುಸ್ತಕವನ್ನೂ ನೋಡದೆ, ಕೈಯಿಂದ ಕೈಗೆ, ಅಳತೆಯಿಲ್ಲದೆ ದಾಟಿ ಬಂದ ವಿದ್ಯೆಗೆ ಬೇರೆ ಯಾವ ಹೆಸರಿದೆ? ಬೀಸುವ ಕಲ್ಲಿನ ಹಾಡನ್ನು ಧ್ವನಿಮುದ್ರಿಸಲು ಹೋದವರಿಗೆ ಹಾಡಿದಾಕೆ ಆಮೇಲೆ ಚಾ ಜೊತೆ ಏನು ಕೊಟ್ಟಳು ಎಂಬುದೂ ಬರೆದಿಡುವ ವಿಷಯವೇ.

ಬರೆದಿಡುವುದಾದರೆ ಹೀಗೆ. ಬಟಾಟೆ ಹಳೆಯದಿರಬೇಕು. ಹೊಸದಾಗಿ ಅಗೆದ ಎಳೆಯದರಲ್ಲಿ ನೀರು ಹೆಚ್ಚು, ಹೂರಣ ಅಂಟಂಟಾಗುತ್ತದೆ. ಹಾಗೆಂದು ಶೀತಲಗೃಹದಲ್ಲಿ ಬಹಳ ದಿನ ಕೂತದ್ದೂ ಆಗದು. ತಂಪಿಗೆ ಅದರ ಪಿಷ್ಟ ಸಕ್ಕರೆಯಾಗಿ ಪಲ್ಯ ಸಿಹಿಯಾಗುತ್ತದೆ. ಸಿಪ್ಪೆ ಸಮೇತ ಬೇಯಿಸಿ, ಬಿಸಿ ಇದ್ದಾಗಲೇ ಸುಲಿದು, ಕೈಯಿಂದ ಪುಡಿ ಮಾಡಬೇಕು. ಅಲ್ಲಲ್ಲಿ ಸಣ್ಣ ಹೋಳು ಉಳಿದರೇ ಚಂದ. ಮಿಕ್ಸಿಗೆ ಹಾಕಿದರೆ ಗೋಂದು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ ಕಲ್ಲಿನಲ್ಲಿ ಜಜ್ಜಿಕೊಳ್ಳಬೇಕು, ನುಣ್ಣಗೆ ಅರೆಯಬಾರದು. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು, ಅರಿಸಿನ. ಜಜ್ಜಿದ್ದು ಅದರಲ್ಲೇ ಹಸಿವಾಸನೆ ಹೋಗುವಷ್ಟು ಹುರಿದು, ಬಟಾಟೆ, ಉಪ್ಪು, ಕೊತ್ತಂಬರಿ, ನಿಂಬೆಹುಳಿ ಕೂಡಿಸಿದರೆ ಹೂರಣ. ಅದು ಪೂರ್ತಿ ಆರಬೇಕು. ಬಿಸಿ ಹೂರಣದ ಉಗಿ ಹೊದಿಕೆಯನ್ನು ಒಳಗಿನಿಂದ ಒಡೆಯುತ್ತದೆ. ಬೋಂಡಾ ಎಣ್ಣೆಯಲ್ಲಿ ಬಿಚ್ಚಿಕೊಂಡಿತು ಎಂದು ಗೋಳಾಡುವವರಲ್ಲಿ ಹೆಚ್ಚಿನವರ ತಪ್ಪು ಇದೇ.

ಹಿಟ್ಟಿಗೆ ನಾಲ್ಕು ಪಾಲು ಕಡಲೆಹಿಟ್ಟು, ಅರ್ಧ ಪಾಲು ಅಕ್ಕಿಹಿಟ್ಟು, ಉಪ್ಪು, ಚಿಟಿಕೆ ಅರಿಸಿನ, ಅಂಗೈಯಲ್ಲಿ ತಿಕ್ಕಿದ ಅಜವಾನ. ಒಂದು ಚಮಚ ಕಾದ ಎಣ್ಣೆ ಸುರಿದರೆ ಸೋಡಾ ಚಿಟಿಕೆಯಷ್ಟೇ ಸಾಕು. ಸೋಡಾ ಹೆಚ್ಚಾದರೆ ಹೊದಿಕೆ ಸ್ಪಂಜಿನಂತಾಗಿ ಎಣ್ಣೆ ಹೀರುತ್ತದೆ. ಹದ ತಿಳಿಯುವುದು ಬೆರಳಿಂದ: ಅದ್ದಿ ತೆಗೆದರೆ ಹಿಟ್ಟು ಬೆರಳು ಮುಚ್ಚಿರಬೇಕು, ಹನಿ ಕೂಡಲೇ ಜಾರಬಾರದು. ಎಣ್ಣೆಗೆ ಹಿಟ್ಟಿನ ಒಂದು ಹನಿ ಬಿಟ್ಟು ನೋಡಬೇಕು. ತಳ ಮುಟ್ಟಿ ನಿಧಾನ ಮೇಲೆದ್ದರೆ ಇನ್ನೂ ಕಾಯಬೇಕು, ಬಿದ್ದ ಕೂಡಲೇ ಕಂದಾದರೆ ಉರಿ ಇಳಿಸಬೇಕು. ಒಳಗಿನದು ಆಗಲೇ ಬೆಂದಿರುವುದರಿಂದ ಕರಿಯುವುದು ಹೊದಿಕೆಗಾಗಿ ಮಾತ್ರ. ಐದಾರಕ್ಕಿಂತ ಹೆಚ್ಚು ಒಮ್ಮೆಗೆ ಬಿಟ್ಟರೆ ಎಣ್ಣೆ ತಣಿಯುತ್ತದೆ.

ಈ ಬಟಾಟೆಯೂ ಸಂಪೂರ್ಣ ನಮ್ಮ ಹೊಲದ್ದು ಎನ್ನುವಂತಿಲ್ಲ. ಧಾರವಾಡ, ಬೆಳಗಾವಿಯಲ್ಲಿ ಮುಂಗಾರಿಗೆ ಬಟಾಟೆ ಬೆಳೆಯುತ್ತಾರೆ, ಹಾಸನವಂತೂ ಅದಕ್ಕೇ ಹೆಸರಾದ ಜಿಲ್ಲೆ. ಆದರೆ ಬೀಜದ ಗಡ್ಡೆ ವರ್ಷ ವರ್ಷವೂ ಲಾರಿ ತುಂಬಿ ಪಂಜಾಬಿನ ಜಲಂಧರದಿಂದ ಬರಬೇಕು. ಬಹುಕಾಲ ಇಲ್ಲಿ ಹೆಚ್ಚು ಬಿತ್ತಿದ ಕುಫ್ರಿ ಜ್ಯೋತಿ ತಳಿ ಹುಟ್ಟಿದ್ದು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯಲ್ಲಿ, 1960ರ ದಶಕದ ಕೊನೆಗೆ. ಬೀಜ ಕೆಟ್ಟರೆ, ಅಂಗಮಾರಿ ರೋಗ ಬಿದ್ದರೆ ಇಲ್ಲಿಯ ರೈತ ಮುಳುಗಿದ. ಇನ್ನೂರು ವರ್ಷವಾದರೂ ಬಟಾಟೆ ಈ ಮಣ್ಣಿನಲ್ಲಿ ತನ್ನ ಬೀಜವನ್ನು ತಾನೇ ಉಳಿಸಿಕೊಂಡಿಲ್ಲ. ಪಕ್ಕದ ಕಡಲೆ ಹಾಗಲ್ಲ, ಮನೆಯ ಗಡಿಗೆಯಿಂದಲೇ ಮತ್ತೆ ಹೊಲಕ್ಕೆ ಹೋಗಬಲ್ಲದು.

ಇನ್ನು ಬಡಿಸುವುದು. ತಟ್ಟೆಯಲ್ಲಿ ಮೊದಲು ಗಿರಮಿಟ್ಟು: ಹುಣಸೆಹುಳಿ, ಬೆಲ್ಲ, ಉಳ್ಳಾಗಡ್ಡಿಯಲ್ಲಿ ಕಲಸಿ ಪುಠಾಣಿ ಹಿಟ್ಟು ಉದುರಿಸಿದ ಮಂಡಕ್ಕಿ. ಅದರ ಮೇಲೆ ಎರಡು ಬೋಂಡಾ, ಪಕ್ಕಕ್ಕೆ ಉಪ್ಪು ಹಚ್ಚಿ ಕರಿದ ಒಂದು ಹಸಿಮೆಣಸಿನಕಾಯಿ, ಶೇಂಗಾ ಚಟ್ನಿ. ಎಣಿಸಿ ಹಾಕುವುದು ಅವಮರ್ಯಾದೆ. ‘ಒಂದರಾಗ ಏನಾಕ್ಕೈತ್ರಿ ಬೀಗರ, ಇನ್ನೆರಡ ಹಾಕ್ಕೊಳ್ರಿ’ ಎಂದು ಒತ್ತಾಯಿಸಬೇಕು, ಬೀಗರು ಕೈ ಅಡ್ಡ ಹಿಡಿಯಬೇಕು, ಕೈಯ ಸಂದಿಯಿಂದ ಒಂದು ತಟ್ಟೆಗೆ ಬೀಳಬೇಕು.

ಬೋಂಡಾ ಬಿಸಿಯಾಗಿಯೇ ಬರಬೇಕು ಎಂಬ ಈ ನಿಯಮಕ್ಕೆ ಒಂದು ಬೆಲೆ ಇದೆ. ಹಳೆಯ ಚಕ್ಕಲಿ, ಉಂಡಿಗಳನ್ನು ಡಬ್ಬಿಯಿಂದ ತೆಗೆದಿಟ್ಟು ಮನೆಯಾಕೆಯೂ ಬಂದವರ ಜೊತೆ ಕೂತು ಮಾತಾಡಬಹುದಿತ್ತು. ಬೋಂಡಾ ಬಂದ ಮೇಲೆ ಆಕೆ ಒಲೆಯ ಮುಂದೆ ಸಿಕ್ಕಿಬಿದ್ದಳು. ಪಡಸಾಲೆಯಲ್ಲಿ ನಗು ಎದ್ದಾಗ ಯಾತಕ್ಕೆ ನಕ್ಕರೆಂದು ಆಕೆಗೆ ತಿಳಿಯುವುದು ಖಾಲಿ ತಟ್ಟೆ ಒಳಗೆ ತಂದವರು ಹೇಳಿದರೆ. ‘ಯವ್ವಾ, ನೀನೂ ಬಾ, ಆರಿ ಹೊಕ್ಕಾವು’ ಎಂದು ಮಗಳು ಕರೆಯುತ್ತಾಳೆ. ‘ನೀವು ಬಿಸಿ ಬಿಸಿ ತಿನ್ರಿ, ನಂದ ಆಮ್ಯಾಲ’ ಎಂಬುದೇ ಉತ್ತರ.

ಹೂರಣ ಯಾವಾಗಲೂ ಹಿಟ್ಟಿಗಿಂತ ಮೊದಲು ಮುಗಿಯುತ್ತದೆ. ಪಾತ್ರೆಯ ತಳದಲ್ಲಿ ಉಳಿದ ಕಡಲೆಹಿಟ್ಟಿಗೆ ಒಂದು ಉಳ್ಳಾಗಡ್ಡಿ ಹೆಚ್ಚಿ ಹಾಕಿ, ಕೈಯಿಂದ ಹಿಂಡಿ ಎಣ್ಣೆಗೆ ಬಿಡುತ್ತಾರೆ. ಬಂದವರು ಚಾ ಮುಗಿಸಿ ಚಪ್ಪಲಿ ಹುಡುಕುವ ಹೊತ್ತಿಗೆ ಆ ಕೊನೆಯ ಒಬ್ಬೆ ಮೇಲೆ ಬರುತ್ತದೆ. ಅದರಲ್ಲಿ ಬಟಾಟೆ ಇಲ್ಲ. ಕರಿದಾಕೆ ಸ್ಟೋವು ಆರಿಸಿ, ಅಲ್ಲೇ ನೆಲಕ್ಕೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಆರಿದ ಚಹಾದ ಜೊತೆ ಅದನ್ನು ತಿನ್ನುತ್ತಾಳೆ.